ಡಬ್ಬಿಯೊಳಗಿನ ಕಡೇ ಹಾಳೆಗಳು

ಯಲಹಂಕದ ಹಳೇ ಊರಿನಲ್ಲಿ ಹುಟ್ಟಿ ಬೆಳೆದು ಈಗ ನಲವತ್ತು ದಾಟಿರೋ ಯಾರನ್ನಾದರೂ ನಿಲ್ಲಿಸಿ, "ಚಿಕ್ಕಂದಿನಲ್ಲಿ ಆನಂದಪ್ಪನ ಅಂಗಡೀಲಿ ಕಟಿಂಗ್ ಮಾಡಿಸಿದ್ರಾ?" ಅಂತ ಕೇಳಿ ನೋಡಿ. ಮೊದಲು ನಗ್ತಾರೆ, ಆಮೇಲೆ ಬೈತಾರೆ. "ಕಾಮಿಕ್ಸ್ ಕೈಗೆ ಕೊಟ್ಟು ಕಡೇ ಹಾಳೆ ಬಚ್ಚಿಡ್ತಿದ್ದ ಕಣ್ರೀ ಆ ಮಹಾನುಭಾವ!" ಅಂತಾರೆ. ಸುಳ್ಳೇನಲ್ಲ. ಒಂದೆರಡಲ್ಲ, ಅರವತ್ತೆರಡು ಪುಸ್ತಕಗಳ ಕಡೇ ಹಾಳೆಯನ್ನು ಕ್ಷೌರದ ಕತ್ತಿಯಲ್ಲಿ ನೀಟಾಗಿ ಗೀರಿ ತೆಗೆದು ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟಿದ್ದ.

ಪಾಪ, ಅವನ ಕಡೆಯ ಮಾತನ್ನೂ ಕೇಳಬೇಕಲ್ಲ. ಅಪ್ಪ ತೀರಿಕೊಂಡಾಗ ಆನಂದಪ್ಪನಿಗೆ ಇಪ್ಪತ್ತೈದು. ಕೈಗೆ ಬಂದಿದ್ದು ಒಂದು ಮರದ ಕುರ್ಚಿ, ಒಂದು ಕನ್ನಡಿ, ಮತ್ತೆ ಮಕ್ಕಳನ್ನು ಕೂರಿಸೋಕೆ ಕುರ್ಚಿಯ ಕೈಗಳ ಮೇಲೆ ಅಡ್ಡ ಇಡೋ ಒಂದು ಹಲಗೆ. ಆ ಹಲಗೆ ಮೇಲೆ ಕೂತ ಮಗು ಸುಮ್ಮನಿರುತ್ತಾ? ನೊಣ ಬಂದ್ರೆ ತಿರುಗುತ್ತೆ, ಬಸ್ಸು ಹೋದ್ರೆ ತಿರುಗುತ್ತೆ, ಏನೂ ಬರದಿದ್ರೂ ತಿರುಗುತ್ತೆ. ಒಂದು ದಿನ ಹಾಗೆ ತಿರುಗಿದ ಕಿವಿಯೊಂದಕ್ಕೆ ಕತ್ತರಿ ತಾಗಿ ಒಂದು ಹನಿ ರಕ್ತ ಬಂತು. ಆ ಮಗುವಿನ ತಾಯಿ ಬೀದಿಯಲ್ಲಿ ನಿಂತು ಆನಂದಪ್ಪನ ವಂಶವನ್ನೇ ಜಾಲಾಡಿಬಿಟ್ಟಳು. ಅವತ್ತು ಸಂಜೆಯೇ ಅವನು ಹಳೇ ಪೇಪರ್ ಅಂಗಡಿಗೆ ಹೋಗಿ, ಎಂಟಾಣೆಗೊಂದರಂತೆ ಹತ್ತು ಹಳೇ ಕಾಮಿಕ್ಸ್ ತಂದ.

ಕೊಟ್ಟು ನೋಡಿದ. ಮಕ್ಕಳೇನು ಕಮ್ಮಿನಾ? ಮೊದಲು ಕೊನೇ ಪುಟ ತೆಗೆದು, ವೀರ ಗೆದ್ದ ಅಂತ ಗ್ಯಾರಂಟಿ ಮಾಡ್ಕೊಂಡು, ಪುಸ್ತಕ ಮಡಿಚಿಟ್ಟು ಮತ್ತೆ ತಲೆ ತಿರುಗಿಸೋಕೆ ಶುರು. ಆಗ ಓಡಿತು ನೋಡಿ ಆನಂದಪ್ಪನ ತಲೆ. ಕಡೇ ಹಾಳೆ ಗೀರಿ ತೆಗೆದ. ಪುಸ್ತಕದ ಒಳಗೂ ಹಾಳೆಯ ಮೂಲೆಯಲ್ಲೂ ಒಂದೇ ನಂಬರು ಬರೆದ. ಹಾಳೆಗಳನ್ನು ಡಬ್ಬಿಗೆ ಹಾಕಿ ಕನ್ನಡಿ ಹಿಂದೆ ಇಟ್ಟ. "ಅಲ್ಲಾಡದೆ ಕೂತ್ಕೊಂಡ್ರೆ ಪೌಡರ್ ಹಾಕಿದ ಮೇಲೆ ಕಡೇ ಹಾಳೆ. ಅಲ್ಲಾಡಿದ್ರೆ ಇಲ್ಲ. ಓದಿ ವಾಪಸ್ ಕೊಡ್ಬೇಕು." ಇಷ್ಟೇ ಕಾನೂನು. ಮಕ್ಕಳು ಕಲ್ಲಿನ ಬಸವನ ಹಾಗೆ ಕೂರೋಕೆ ಶುರು ಮಾಡಿದವು. ಹತ್ತಿದ್ದ ಪುಸ್ತಕ ವರ್ಷ ಕಳೆದ ಹಾಗೆ ಅರವತ್ತೆರಡಾಯ್ತು. ಕೂದಲು ಬೆಳೆಯೋಕೆ ಮುಂಚೆಯೇ "ಅಮ್ಮಾ, ಕಟಿಂಗ್" ಅಂತ ಹಟ ಹಿಡಿದವರೂ ಇದ್ದರು.

ಈಗ ಆನಂದಪ್ಪನಿಗೆ ಅರವತ್ತೆಂಟು. ಕುರ್ಚಿ ಅದೇ, ಹಲಗೆ ಅದೇ. ಮಕ್ಕಳು ಮಾತ್ರ ಅಪ್ಪನ ಮೊಬೈಲ್ ಹಿಡ್ಕೊಂಡು ಬರ್ತಾವೆ, ಅದರಲ್ಲಿ ಕಡೇ ಹಾಳೆ ಅನ್ನೋದೇ ಇಲ್ಲ. ಕಾಮಿಕ್ಸ್ ಎಲ್ಲ ರಟ್ಟಿನ ಪೆಟ್ಟಿಗೆ ಸೇರಿ ಬೆಂಚಿನ ಕೆಳಗೆ ಬಿದ್ದಿದ್ದವು, ಡಬ್ಬಿ ಮನೆಯ ಅಟ್ಟ ಸೇರಿತ್ತು.

ಅವನ ತಲೆಯಲ್ಲಿ ಓಡ್ತಿದ್ದ ಯೋಚನೆಯೇ ಬೇರೆ. ಮಗಳು ಶಿಲ್ಪ ತಣಿಸಂದ್ರದ ಒಂದು ಎ.ಸಿ. ಪಾರ್ಲರಿನಲ್ಲಿ ದಿನಕ್ಕೆ ಹತ್ತು ಗಂಟೆ ನಿಂತುಕೊಂಡು ಕೆಲಸ ಮಾಡ್ತಾಳೆ. ಕೈಗುಣ ಅಪ್ಪನದೇ. "ಅಪ್ಪ, ನಮ್ಮಂಗಡೀಲಿ ಅರ್ಧ ಜಾಗ ಖಾಲಿ ಬಿದ್ದಿದೆ. ಮಧ್ಯ ಒಂದು ಪ್ಲೈವುಡ್ ಹಾಕಿ, ಆ ಕಡೆ ನಂಗೊಂದು ಕುರ್ಚಿ ಹಾಕ್ಕೊಡು. ಹೆಂಗಸರು, ಮಕ್ಕಳು ನನ್ನ ಕಡೆ ಬರ್ಲಿ" ಅಂತ ಎರಡು ವರ್ಷದಿಂದ ಹೇಳ್ತಾನೇ ಇದ್ದಳು. ಕಾಲಲ್ಲಿ ಒತ್ತಿದ್ರೆ ಮೇಲೇಳೋ ಕುರ್ಚಿ, ದೀಪದ ಕನ್ನಡಿ, ತಲೆ ತೊಳೆಯೋ ಬೇಸಿನ್ನು. ಕೇಳಿದ ರೇಟಿಗೆ ಆನಂದಪ್ಪ ಬಾಯಿ ಮುಚ್ಚಿಕೊಂಡಿದ್ದ. ನಿಜ ಹೇಳಬೇಕಂದ್ರೆ ಆಸೆ ಮಗಳಿಗಿಂತ ಅವನಿಗೇ ಜಾಸ್ತಿ. ತನ್ನ ಕೈ ನಡುಗೋಕೆ ಶುರುವಾದ ದಿನ ಷಟರ್ ಎಳೆದುಬಿಟ್ಟರೆ, ಮಾರನೇ ತಿಂಗಳೇ ಅಲ್ಲಿ ಮೊಬೈಲ್ ಕವರ್ ಅಂಗಡಿ ಬರುತ್ತೆ ಅನ್ನೋದು ಅವನಿಗೆ ಗೊತ್ತು. ಅಪ್ಪನಿಂದ ತನಗೆ ಬಂದಿದ್ದು ತನ್ನಿಂದ ಮಗಳಿಗೆ ಹೋಗಬೇಕು, ಅಷ್ಟೇ ಅವನ ಆಸೆ.

ಹೀಗಿರುವಾಗ ಒಂದು ಭಾನುವಾರ ಚನ್ನು ಬಂದ. ಗದಗದ ಕಡೆಯವನು, ಮೂವತ್ತೈದರ ಆಸುಪಾಸು, ನಾಗಸಂದ್ರದ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ. ಹಳೇ ಊರಿನಲ್ಲಿ ಹೊಸದಾಗಿ ಮನೆ ಮಾಡಿದ್ದ. ಭಾನುವಾರದ ರಷ್ಷು, ಬೆಂಚಿನ ಮೇಲೆ ಕಾಯ್ತಾ ಕೂತಿದ್ದಾಗ ಅವನ ಕಾಲಿಗೆ ಪೆಟ್ಟಿಗೆ ತಾಗಿತು. ಬಗ್ಗಿ ಎಳೆದ. ಮೇಲಿದ್ದ ಎರಡು ಪುಸ್ತಕ ಎತ್ತಿ ಮೂರನೆಯದನ್ನು ನೋಡಿದವನೇ, "ಯವ್ವಾ!" ಅಂತ ಎದ್ದು ನಿಂತ. ಕುರ್ಚಿಯಲ್ಲಿದ್ದ ಗಿರಾಕಿ ಬೆಚ್ಚಿ ತಿರುಗಿದ. ಇನ್ನೊಂದು ಕಿವಿ ಹೋಗ್ತಿತ್ತು, ಜಸ್ಟ್ ತಪ್ಪಿತು.

"ಕಾಕಾ, ಇದು 'ನೀಲಕಂದರದ ವೀರ', ಮೊದಲನೇ ಸಂಚಿಕಿ! ಎಲ್ಲಿ ಸಿಕ್ತರಿ ನಿಮಗ? ಹನ್ನೆರಡ ವರ್ಷ ಆತ್ರಿ ನಾ ಇದನ್ನ ಹುಡುಕಾಕತ್ತಿ!"

"ಎಂಟಾಣೆಗೆ ತಂದಿದ್ದು ಸ್ವಾಮಿ. ಬೇಕಿದ್ರೆ ಓದ್ಕೊಳ್ಳಿ" ಅಂದ ಆನಂದಪ್ಪ.

"ಎಂಟಾಣೆ!" ಚನ್ನು ಎದೆ ಮೇಲೆ ಕೈ ಇಟ್ಟುಕೊಂಡ. "ಕಾಕಾ, ಹತ್ತ ವರ್ಷದ ಹಿಂದ ಇಂಥವು ಐವತ್ತು ರೂಪಾಯಿಗೆ ಸಿಗತಿದ್ವು. ಆಮ್ಯಾಲ ಎರಡು ಸಾವಿರ ಆತು. ಈಗ ದುಡ್ಡು ಹಿಡಕೊಂಡು ಹೋದರೂ ಸಿಗಂಗಿಲ್ಲ. ಪ್ರೆಸ್ ಮುಚ್ಚೇತಿ. ಉಳದದ್ದರಾಗ ಮಂದಿ ಶೇಂಗಾ ಕಟ್ಟಿದ್ರು, ಒಲಿಗೆ ಹಾಕಿದ್ರು. ಯಾರೂ ಇಟಗೋಲಿಲ್ಲ ನೋಡ್ರಿ, ಅದಕ್ಕ ಇಷ್ಟು ರೇಟು. ಆವಾಗ ಓದಿದ ಹುಡುಗರು ಈಗ ಪಗಾರ ತಗೊಳ್ಳೋ ಗಂಡಸರಾಗ್ಯಾರ, ಎಲ್ಲಾರಿಗೂ ಬೇಕು."

"ಹಂಗಾದ್ರೆ ಇದಕ್ಕೆ ಎಷ್ಟಾಗುತ್ತೆ?"

"ನಾನ ಮೂವತ್ತೈದು ಸಾವಿರ ಕೊಡ್ತೀನ್ರಿ."

ಬಾಚಣಿಗೆ ಆನಂದಪ್ಪನ ಕೈಯಿಂದ ಜಾರಿ ಗಿರಾಕಿಯ ತೊಡೆ ಮೇಲೆ ಬಿತ್ತು. ಕುರ್ಚಿ, ಕನ್ನಡಿ, ಬೇಸಿನ್ನು ಎಲ್ಲ ಒಟ್ಟಿಗೆ ಅವನ ಕಣ್ಣ ಮುಂದೆ ಬಂದು ನಿಂತವು. ಅಷ್ಟರಲ್ಲಿ ಚನ್ನು ಪುಸ್ತಕ ಕೊನೆವರೆಗೂ ತಿರುವಿದ. ಅವನ ಮುಖ ಸಪ್ಪಗಾಯ್ತು.

"ಕಾಕಾ, ಕಡೀ ಹಾಳಿ ಎಲ್ಲೈತ್ರಿ?"

ಬೆಂಚಿನ ಮೇಲಿದ್ದ ಊರಿನವರೆಲ್ಲ ಗೊಳ್ಳೆಂದು ನಕ್ಕರು. ಆನಂದಪ್ಪ ತನ್ನ ಡಬ್ಬಿಯ ಕಾನೂನನ್ನು ಹೇಳಿದ. ಚನ್ನು ತಲೆ ತಲೆ ಚಚ್ಚಿಕೊಂಡ. "ಕತ್ತಿಲೆ ನೀಟ್ ಕೊಯ್ದೀರಿ, ಹಾಳಿ ಇದ್ದರ ಅಡ್ಡಿಯಿಲ್ಲರಿ, ನನ್ನ ಮಾತು ಮಾತೇ. ಹಾಳಿ ಇಲ್ಲಾಂದ್ರ ಇದು ರದ್ದಿ. ದಯಮಾಡಿ ಹುಡುಕ್ರಿ ಕಾಕಾ."

ಸಂಜೆ ಮನೆಯಲ್ಲಿ ಅಟ್ಟದಿಂದ ಡಬ್ಬಿ ಇಳಿಯಿತು. ಆನಂದಪ್ಪ ಮತ್ತು ಶಿಲ್ಪ ಚಾಪೆ ಮೇಲೆ ಕೂತು ಹಾಳೆಗಳನ್ನು ನಂಬರ್ ಪ್ರಕಾರ ಜೋಡಿಸಿದರು. ಒಂದರಿಂದ ಅರವತ್ತೆರಡರವರೆಗೆ ಎಲ್ಲ ಇದ್ದವು, ನಲವತ್ತೊಂದು ಮಾತ್ರ ಇರಲಿಲ್ಲ. ನಲವತ್ತೊಂದೇ ನೀಲಕಂದರದ ವೀರ. ನೋಡಿ ಗ್ರಹಚಾರ!

"ನೀನೇನಾದ್ರೂ ತೆಗೆದ್ಯಾ ಇದ್ರಿಂದ?" ಅಂತ ಆನಂದಪ್ಪ ಹೆಂಡತಿ ಮುನಿನಾರಾಯಣಮ್ಮನ ಮೇಲೆ ಹಾರಿದ.

ಅವಳು ಸೊಪ್ಪು ಬಿಡಿಸೋದು ನಿಲ್ಲಿಸಲೇ ಇಲ್ಲ. "ಆಳೇನ ನಾನು ತಿಂದ್ನಾ? ಅವತ್ತಿಂದಾನೂ ಇಂಗೇ ನೀನು. ಯಾರಾದ್ರೂ ಒಸಿ ಅತ್ರೆ ಸಾಕು, ಕೈಯಾಗಿರೋದ ಕೊಟ್ಬಿಡದು, ಆಮೇಲೆ ಮನೆಯೋರ ಮೇಲೆ ಆರಾಡದು."

ಯಾರಾದರೂ ಅತ್ತರೆ. ಆ ಮಾತು ಕಿವಿಗೆ ಬಿದ್ದದ್ದೇ ಆನಂದಪ್ಪನಿಗೆ ಎಲ್ಲ ನೆನಪಾಯಿತು.

ಮೂವತ್ತೇಳು ವರ್ಷದ ಹಿಂದಿನ ಮಾತು. ಅಂಗಡಿಯಲ್ಲಿ ಯಾರೂ ಇಲ್ಲದ ಮಟಮಟ ಮಧ್ಯಾಹ್ನ ನೋಡಿಕೊಂಡು ರೆಹಾನಾ ತನ್ನ ಒಂಬತ್ತು ವರ್ಷದ ಮಗಳು ನೂರೀನಳನ್ನು ಕರೆತಂದಿದ್ದಳು. ಟೈಫಾಯಿಡ್ ಬಂದು ಹೋಗಿ ಮಗುವಿನ ಕೂದಲು ಹಿಡಿಹಿಡಿಯಾಗಿ ಉದುರ್ತಿತ್ತು, ಪೂರ್ತಿ ಬೋಳಿಸಿಬಿಡಿ ಅಂದಿದ್ದರು ಹಿರಿಯರು. ಹಲಗೆ ಮೇಲೆ ಕೂತ ಹುಡುಗಿ ಉಸಿರು ಕಟ್ಟೋ ಹಾಗೆ ಅಳೋಕೆ ಶುರು ಮಾಡಿದಳು. ಆನಂದಪ್ಪ ನಲವತ್ತೊಂದನೇ ನಂಬರಿನ ಪುಸ್ತಕ ಕೈಗಿಟ್ಟ. ಅಳು ನಿಲ್ಲಲಿಲ್ಲ. ಆಗ ಅವನು ಜೀವನದಲ್ಲಿ ಒಂದೇ ಒಂದು ಸಲ ತನ್ನ ಕಾನೂನು ತಾನೇ ಮುರಿದು, ಕತ್ತಿ ಹಿಡಿಯೋಕೆ ಮುಂಚೆಯೇ ಕಡೇ ಹಾಳೆ ತೆಗೆದು ಕೊಟ್ಟ. ಆ ಹಾಳೆಯನ್ನೇ ಆರಿಸಿದ್ದಕ್ಕೂ ಕಾರಣ ಇತ್ತು. ಅದರಲ್ಲಿ ವೀರ ನುಣ್ಣಗೆ ತಲೆ ಬೋಳಿಸಿಕೊಂಡು ಊರವರ ಮಧ್ಯ ನಿಂತು, "ಕೂದಲು ತಾನೇ, ಮತ್ತೆ ಬೆಳೆಯುತ್ತೆ!" ಅಂತ ನಗ್ತಿರೋ ಚಿತ್ರ ಇತ್ತು.

ಹುಡುಗಿ ಆ ಚಿತ್ರದಿಂದ ಕಣ್ಣು ಕೀಳಲಿಲ್ಲ. ಬೋಳಿಸಿ ಮುಗಿದ ಮೇಲೂ ಹಾಳೆ ಬಿಡಲಿಲ್ಲ. "ತಗೊಂಡ್ಹೋಗು ಕಣಮ್ಮ, ಕೂದಲು ಬೆಳೆದ ಮೇಲೆ ತಂದ್ಕೊಡು" ಅಂದಿದ್ದ ಆನಂದಪ್ಪ. ಅವರು ಮನೆ ಬದಲಾಯಿಸಿ ಆರ್.ಟಿ. ನಗರಕ್ಕೆ ಹೋದರು. ಆಮೇಲೆ ಆ ಪುಸ್ತಕ ಓದಿದ ಮಕ್ಕಳಿಗೆಲ್ಲ ಕೊನೆಯನ್ನು ಆನಂದಪ್ಪನೇ ಬಾಯಲ್ಲಿ ಹೇಳ್ತಿದ್ದ, ಒಬ್ಬೊಬ್ಬರಿಗೆ ಒಂದೊಂದು ತರ. ವೀರ ರಾಜ ಆದ ಅಂತ ಒಬ್ಬ, ಇಲ್ಲ ಸನ್ಯಾಸಿ ಆದ ಅಂತ ಇನ್ನೊಬ್ಬ, ಬೀದಿಯಲ್ಲಿ ಕಿತ್ತಾಡ್ತಿದ್ದರು.

ನೂರೀನಳನ್ನು ಹುಡುಕೋದು ಕಷ್ಟ ಆಗಲಿಲ್ಲ. ಆನಂದಪ್ಪನ ಕತ್ತರಿಗಳಿಗೆ ಇವತ್ತಿಗೂ ಸಾಣೆ ಹಿಡಿಯೋ ಖುರ್ಷೀದ್ ಅವಳ ಸೋದರಮಾವ. ಅವನು ಫೋನಲ್ಲೇ ವಿಳಾಸ ಕೊಟ್ಟ. ಮಂಗಳವಾರ ಹೇಗೂ ಕಟಿಂಗ್ ಅಂಗಡಿಗೆ ರಜ. ಆನಂದಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ಬಸ್ಸು ಹತ್ತಿದ. ಹೆಬ್ಬಾಳದ ಫ್ಲೈಓವರಿನ ಮೇಲೆ ಬಸ್ಸು ನಿಂತಿತು ಅಂದ್ರೆ ನಿಂತಿತು, ಯೋಚನೆ ಮಾಡೋಕೆ ಬೇಕಾದಷ್ಟು ಟೈಮು ಸಿಕ್ಕಿತು. ಹಾಳೆ ಈಗೆಲ್ಲಿರುತ್ತೆ? ಯಾವತ್ತೋ ಕಸ ಸೇರಿರುತ್ತೆ. ಇದ್ದರೂ ಏನಂತ ಕೇಳೋದು? ಮಗುವಿಗೆ ಕೊಟ್ಟಿದ್ದನ್ನು ರೇಟು ಬಂತು ಅಂತ ವಾಪಸ್ ಕೇಳೋಕೆ ಹೊರಟಿದ್ದೀನಲ್ಲ ಅಂತ ಅವನಿಗೆ ನಾಚಿಕೆಯಾಯಿತು. ಇಳಿದು ವಾಪಸ್ ಹೋಗಿಬಿಡೋಣ ಅನ್ನಿಸಿತು, ಆದರೆ ಫ್ಲೈಓವರ್ ಮೇಲೆ ಇಳಿಯೋದೆಲ್ಲಿ?

ನೂರೀನ್ ಮನೆಯ ಮುಂದಿನ ಕೋಣೆಯಲ್ಲಿ ಸ್ಕೂಲ್ ಯೂನಿಫಾರ್ಮ್ ಹೊಲೀತಾಳೆ. ನಲವತ್ತಾರು ವಯಸ್ಸು, ಕುತ್ತಿಗೆಯಲ್ಲಿ ಟೇಪು. ಬಾಗಿಲಲ್ಲಿ ನೋಡಿದವಳೇ, "ಕಟಿಂಗ್ ಅಂಕಲ್!" ಅಂತ ಕೂಗಿಬಿಟ್ಟಳು. ಕೂರಿಸಿ, ಚಾ ಕೊಟ್ಟು, ಆನಂದಪ್ಪ ಬಾಯಿ ಬಿಡೋಕೆ ಮುಂಚೆಯೇ ಬಟ್ಟೆ ಕತ್ತರಿಸೋ ಮೇಜಿನ ಮೇಲಿದ್ದ ಸೀಮೆಸುಣ್ಣ, ದಾರದ ಉಂಡೆ ಎಲ್ಲ ಸರಿಸಿದಳು. ಮೇಜಿನ ಗಾಜಿನ ಕೆಳಗೆ, ಪ್ಲಾಸ್ಟಿಕ್ ಕವರಿನೊಳಗೆ, ಒಂದು ಸುಕ್ಕೂ ಇಲ್ಲದೆ, ನಲವತ್ತೊಂದನೇ ನಂಬರಿನ ಹಾಳೆ ಕೂತಿತ್ತು.

"ಅಮ್ಮಿ ಇರೋವರೆಗೂ ಪ್ರತಿ ಹಬ್ಬಕ್ಕೂ ಹೇಳೋರು, ವಾಪಸ್ ಕೊಟ್ಟಿಲ್ಲ ನೀನು ಅಂತ. ನಂಗೆ ಕೊಡೋಕೆ ಮನಸ್ಸು ಬರ್ಲಿಲ್ಲ ಅಂಕಲ್. ಸ್ಕೂಲಲ್ಲಿ ಎಲ್ರೂ ಬೋಡಿ ಬೋಡಿ ಅಂತ ರೇಗಿಸ್ತಿದ್ರು. ಮನೆಗ್ ಬಂದು ಇದನ್ನ ನೋಡ್ತಿದ್ದೆ. ಇವನೂ ನನ್ ಥರಾನೇ ಅಲ್ವಾ ಅಂತ ಸಮಾಧಾನ ಆಗ್ತಿತ್ತು."

ಇದನ್ನು ಕೇಳಿದ ಮೇಲೆ ಯಾವ ಬಾಯಲ್ಲಿ ಕೇಳ್ತೀರಿ? ಆನಂದಪ್ಪನ ಚಾ ಆರಿಹೋಯಿತು. ಕೊನೆಗೆ ಅವನಿಗೆ ಬರೋದು ಒಂದೇ ದಾರಿ, ಇದ್ದದ್ದು ಇದ್ದ ಹಾಗೆ ಹೇಳಿಬಿಡೋದು. ಚನ್ನು ಬಂದದ್ದು, ಮೂವತ್ತೈದು ಸಾವಿರದ ಮಾತು, ಶಿಲ್ಪಳ ಕುರ್ಚಿ, ಎಲ್ಲ ಹೇಳಿದ. "ನೀನು ಇಲ್ಲ ಅಂದ್ರೂ ಬೇಜಾರಿಲ್ಲ ಕಣಮ್ಮ. ನಾನು ಕೇಳಿದ್ದೇ ತಪ್ಪು" ಅಂತ ಎದ್ದು ನಿಂತ.

"ಕೂತ್ಕೊಳ್ಳಿ ಅಂಕಲ್. ಪುಸ್ತಕ ನಿಮ್ಮ ಹತ್ರಾನೇ ಇದೆಯಾ? ಪೂರ್ತಿ?"

"ಇದೆ. ಇದೊಂದು ಬಿಟ್ಟು."

"ನಾನು ಅದನ್ನ ಓದೇ ಇಲ್ಲ" ಅಂದಳು ನೂರೀನ್. "ಅವತ್ತು ಕಣ್ಣ ತುಂಬ ನೀರು, ಒಂದಕ್ಷರ ಕಾಣಿಸ್ಲಿಲ್ಲ. ಮೂವತ್ತೇಳು ವರ್ಷದಿಂದ ಕತೆಯ ಕೊನೆ ಮಾತ್ರ ಗೊತ್ತು, ಮೊದಲು ಏನಾಯ್ತು ಅಂತ ಗೊತ್ತಿಲ್ಲ. ಓದ್ಬಿಟ್ಟು ಕೊಡ್ತೀನಿ. ನಿಮ್ಮ ಅಂಗಡೀಲೇ. ಅದೇ ತಾನೇ ನಿಮ್ಮ ಕಾನೂನು?"

ಬುಧವಾರ ಮಟಮಟ ಮಧ್ಯಾಹ್ನ ನೂರೀನ್ ಅಂಗಡಿಗೆ ಬಂದಳು. ಚನ್ನು ಅರ್ಧ ದಿನ ರಜೆ ಹಾಕಿ ಬಂದು ಬೆಂಚಿನ ಮೇಲೆ ಕೂತಿದ್ದ, ಮೊಣಕಾಲು ಕುಣೀತಾನೇ ಇತ್ತು. ಆನಂದಪ್ಪ ಮರದ ಕುರ್ಚಿಯನ್ನು ಟವೆಲಿನಿಂದ ಒರೆಸಿ, ಈ ಸಲ ಹಲಗೆ ಇಡದೆ ಅವಳನ್ನು ಕೂರಿಸಿ, ಪುಸ್ತಕ ಕೊಟ್ಟ. ಅವಳು ತನ್ನ ಹಾಳೆಯನ್ನು ತೊಡೆ ಮೇಲೆ ಇಟ್ಟುಕೊಂಡು ಮೊದಲ ಪುಟ ತೆಗೆದಳು.

ಓದಿದಳು. ನಿಧಾನವಾಗಿ, ಬೆರಳಿಟ್ಟು. ಮೇಲೆ ಫ್ಯಾನು ಕಿರ್ ಕಿರ್ ಅಂತಿತ್ತು. ಪುಸ್ತಕದ ಮಡಿಕೆಯಿಂದ ಯಾರದೋ ಹಳೇ ಕೂದಲ ಚೂರು ಉದುರಿದವು, ಅವಳು ನಗ್ತಾ ಒರೆಸಿಕೊಂಡಳು. ಮುಕ್ಕಾಲು ಓದುವಷ್ಟರಲ್ಲಿ ಅವಳ ಕೈ ಬಾಯಿ ಮೇಲೆ ಹೋಯಿತು.

"ಅಂಕಲ್! ಇವನಿಗೆ ಟೈಫಾಯಿಡ್ ಅಲ್ವಾ?"

"ಟೈಫಾಯಿಡ್ಡಾ? ಯಾರಿಗಮ್ಮ?"

"ವೀರನಿಗೆ! ಟೈಫಾಯಿಡ್ ಬಂದು ಬೋಳಿಸಿದ್ರು ಅಂತಾನೇ ಅಂದ್ಕೊಂಡಿದ್ದೆ ಇಷ್ಟು ವರ್ಷ! ಇಲ್ಲಿ ನೋಡಿ, ಮಕ್ಕಳು ಕಂದರಕ್ಕೆ ಬಿದ್ದಿದಾರೆ, ಹಗ್ಗ ಸಾಲ್ತಾ ಇಲ್ಲ. ಇವನು ತನ್ನ ಉದ್ದ ಕೂದಲನ್ನೆಲ್ಲ ಕತ್ತರಿಸಿ ಹಗ್ಗ ಹೆಣೆದು, ಒಬ್ಬೊಬ್ಬರನ್ನೇ ಮೇಲೆ ಎಳೀತಿದಾನೆ."

ನೂರೀನ್ ನಕ್ಕಳು. ನಗ್ತಾ ನಗ್ತಾನೇ ಕಣ್ಣಿಂದ ನೀರು ಬಂತು. ಆನಂದಪ್ಪ ಬಾಚಣಿಗೆ ಒರೆಸೋ ನೆಪದಲ್ಲಿ ಆ ಕಡೆ ತಿರುಗಿದ. ಮೊಣಕಾಲು ಕುಣಿಸೋದು ಮರೆತು ಚನ್ನು ಕೂಡ ಕೂತಲ್ಲೇ ಕೂತಿದ್ದ. ಅವಳು ಉಳಿದ ಪುಟ ಮುಗಿಸಿ, ತೊಡೆ ಮೇಲಿದ್ದ ಹಾಳೆಯನ್ನು ಅದರ ಜಾಗದಲ್ಲಿಟ್ಟು ಅದನ್ನೂ ಓದಿದಳು, ಹೊಸದಾಗಿ ಓದುವವರ ಹಾಗೆ. ಆಮೇಲೆ ಎದ್ದು, ದುಪಟ್ಟಾದ ಕೆಳಗೆ ಸೊಂಟದವರೆಗೆ ಇಳಿದಿದ್ದ ಜಡೆಯ ತುದಿಯನ್ನು ಮುಂದಕ್ಕೆ ಎಳೆದು ತೋರಿಸಿದಳು.

"ಕೂದಲು ಬೆಳೆದಿದೆ ಅಂಕಲ್. ತಗೊಳ್ಳಿ" ಅಂತ ಪುಸ್ತಕ, ಹಾಳೆ ಎರಡನ್ನೂ ಅವನ ಕೈಗಿಟ್ಟಳು.

ಚನ್ನು ಮಾತಿಗೆ ತಪ್ಪಲಿಲ್ಲ. ದುಡ್ಡು ಕೊಟ್ಟ ಮೇಲೂ ಪುಸ್ತಕವನ್ನು ಸೀದಾ ಮನೆಗೆ ಒಯ್ಯದೆ, ಕಲರ್ ಜೆರಾಕ್ಸ್ ಅಂಗಡಿಗೆ ಓಡಿ ಇಡೀ ಪುಸ್ತಕದ ಒಂದು ಪ್ರತಿ ಮಾಡಿಸಿ ತಂದು, "ಅಕ್ಕಾರ, ಈಗ ಕತಿ ಪೂರ್ತಿ ನಿಮ್ಮ ಕಡೆ ಇರಲಿ" ಅಂತ ನೂರೀನಳಿಗೆ ಕೊಟ್ಟ. ಉಳಿದ ಅರವತ್ತೊಂದನ್ನು ಬಿಡಿಸಿ ನೋಡಿ, "ಇವುಗಳ ರೇಟು ಇನ್ನಾ ಏರತೈತಿ ಕಾಕಾ, ಇಟಗೋರಿ. ದೇವರಾಣಿ, ಇನ್ನೊಂದು ಹಾಳಿನೂ ಕೊಯ್ಯಬ್ಯಾಡ್ರಿ" ಅಂತ ಕೈ ಮುಗಿದ.

ಮುಂದಿನ ತಿಂಗಳು ಪ್ಲೈವುಡ್ ಬಂತು, ಬೇಸಿನ್ನು ಬಂತು, ದೀಪದ ಕನ್ನಡಿ ಬಂತು. ಕೆಂಪು ಬಣ್ಣದ ಕುರ್ಚಿ ಬಂದ ದಿನ ಮುನಿನಾರಾಯಣಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, "ಇನ್ನ್ಯಾಕ್ ನಿಂತಿದೀಯಾ, ಓಗಿ ಕೂತ್ಕೊ" ಅಂತ ಗಂಡನನ್ನು ತಳ್ಳಿದಳು. ಮಗಳ ಕುರ್ಚಿಗೆ ಮೊದಲ ಗಿರಾಕಿ ಅಪ್ಪನೇ ಆಗಬೇಕು ಅಂತ ತಾಯಿ ಮಗಳು ಮೊದಲೇ ಮಾತಾಡಿಕೊಂಡಿದ್ದರು.

ಆನಂದಪ್ಪ ಕೂತ. ಶಿಲ್ಪ ಕಾಲಲ್ಲಿ ಒತ್ತಿದಳು, ಕುರ್ಚಿ ಮೇಲೆದ್ದಿತು. ನಲವತ್ಮೂರು ವರ್ಷ ಬೇರೆಯವರ ತಲೆ ನೋಡಿಕೊಂಡು ನಿಂತವನಿಗೆ ಈ ಕಡೆ ಕೂರೋದು ಗೊತ್ತಾಗಲಿಲ್ಲ. "ಕಿವಿ ಹತ್ರ ಹುಷಾರು. ಹಿಂದೆ ಮೆಷಿನ್ ಹಾಕ್ಬೇಡ. ಬಾಚಣಿಗೆ ಹಿಂಗ್ ಹಿಡಿ" ಅಂತ ತಿರುಗಿ ತಿರುಗಿ ಹೇಳೋಕೆ ಶುರು ಮಾಡಿದ. ಶಿಲ್ಪ ಎರಡು ಸಲ ಅವನ ತಲೆಯನ್ನು ಮುಂದಕ್ಕೆ ತಿರುಗಿಸಿದಳು. ಮೂರನೇ ಸಲ ಕತ್ತರಿ ಕೆಳಗಿಟ್ಟು, ಪೆಟ್ಟಿಗೆಯಿಂದ ಒಂದು ಹಳೇ ಕಾಮಿಕ್ಸ್ ತೆಗೆದು ಅಪ್ಪನ ಕೈಗೆ ಕೊಟ್ಟಳು.

ಹದಿನೇಳನೇ ನಂಬರು, ಕಡಲುಗಳ್ಳರ ಕತೆ. ಕೊನೆ ಏನು ಅಂತ ಆನಂದಪ್ಪನಿಗೆ ಯಾವತ್ತೋ ಮರೆತುಹೋಗಿತ್ತು. ಓದ್ತಾ ಓದ್ತಾ ತಲೆ ತಿರುಗಿಸೋದು ನಿಂತೇಹೋಯಿತು. ಮೂವತ್ತನೇ ಪುಟದಲ್ಲಿ ಹಡಗಿಗೆ ಬೆಂಕಿ ಬಿದ್ದಿತ್ತು, ನಾಯಕನ ಕೈ ಕಟ್ಟಿಹಾಕಿದ್ದರು. ಆತುರದಲ್ಲಿ ಪುಟ ತಿರುವಿದರೆ ಮುಂದೆ ಹಿಂಬದಿಯ ರಟ್ಟು.

"ಶಿಲ್ಪಾ, ಡಬ್ಬಿ ಎಲ್ಲಿ?"

ಡಬ್ಬಿ ಹೊಸ ಕನ್ನಡಿಯ ಹಿಂದೆ ಇತ್ತು. ಶಿಲ್ಪ ಅತ್ತ ನೋಡಲೂ ಇಲ್ಲ.

"ಅಲ್ಲಾಡದೆ ಕೂತ್ಕೋ ಅಪ್ಪ" ಅಂದಳು. "ಪೌಡರ್ ಹಾಕಿದ ಮೇಲೆ ಕೊಡ್ತೀನಿ."

ಆನಂದಪ್ಪ ಅಲ್ಲಾಡದೆ ಕೂತ.